ಸೋಮವಾರ ರಜೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಂತರೆ ಒಂದು ನೋಟ ತಪ್ಪುವುದಿಲ್ಲ. ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯದ ಮುಂದೆ ಆಟೊ ನಿಲ್ಲುತ್ತದೆ. ಊರಿಂದ ಬಂದ ಕುಟುಂಬವೊಂದು ಇಳಿದು ಗೇಟಿನ ಬೋರ್ಡು ಓದುತ್ತದೆ, ಮಕ್ಕಳ ಮುಖ ಸಪ್ಪಗಾಗುತ್ತದೆ. ಪಕ್ಕದ ವೆಂಕಟಪ್ಪ ಚಿತ್ರಶಾಲೆಗೂ ರಜೆ. ಅದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಎಂಎಪಿಗೂ ರಜೆ. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎಗೆ ಹೋಗೋಣವೆಂದರೆ ಅಲ್ಲೂ ಇದೇ ಕಥೆ. 'ಎಲ್ಲರೂ ಒಟ್ಟಿಗೇ ಯಾಕಪ್ಪಾ ಮುಚ್ಕೋತಾರೆ' ಎಂದು ಮನೆಯ ಯಜಮಾನ ಗೊಣಗುವುದರಲ್ಲಿ ತಪ್ಪೇನಿಲ್ಲ.

ತಪ್ಪಿರುವುದು 'ರಜೆ' ಎಂಬ ಮಾತಿನಲ್ಲಿ. ಕಲಾ ವಸ್ತುಸಂಗ್ರಹಾಲಯದ ವಾರದಲ್ಲಿ ಅತಿ ಹೆಚ್ಚು ಕೆಲಸ ನಡೆಯುವ ದಿನವೇ ಸೋಮವಾರ. ಹೊರಗೆ ಅಂಟಿಸಿದ ವಾರದ ಕಾರ್ಯಕ್ರಮಪಟ್ಟಿಯಲ್ಲಿ ಶುಕ್ರವಾರ ಉದ್ಘಾಟನೆ, ಶನಿವಾರ ಪ್ರದರ್ಶನ ರೂಪಿಸಿದ ಕ್ಯುರೇಟರ್ ಜೊತೆ ನಡಿಗೆ, ಭಾನುವಾರ ಮಕ್ಕಳ ಕಮ್ಮಟ ಎಂದೆಲ್ಲ ಇರುತ್ತದೆ. ಸೋಮವಾರದ ಸಾಲು ಮಾತ್ರ ಖಾಲಿ. ಆ ಪಟ್ಟಿಯಲ್ಲಿ ಕಾಣದ ಇನ್ನೂ ಒಂದು ಲೆಕ್ಕವಿದೆ. ನೀರಿನಲ್ಲಿ ಕಲಸಿದ ಬಣ್ಣದಿಂದ ಕಾಗದದ ಮೇಲೆ ಬರೆದ ಚಿತ್ರವನ್ನು ಜನ ನೋಡಿದಷ್ಟೂ ಅದು ಸವೆಯುತ್ತದೆ. ನೋಡಲು ಬೆಳಕು ಬೇಕು, ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದು ವಾಪಸು ಬರುವುದಿಲ್ಲ. ಹಾಗಾಗಿ ಒಂದು ವಾರದ ಪ್ರದರ್ಶನವೆಂದರೆ ಕೈಲಿರುವ ಬೆಳಕನ್ನು ಎಲ್ಲಿ, ಯಾರಿಗಾಗಿ, ಎಷ್ಟು ಖರ್ಚು ಮಾಡುವುದು ಎಂಬ ತೀರ್ಮಾನ. ಉದ್ಘಾಟನೆಗೆ ಎಷ್ಟು ಜನ ಬಂದರು ಎನ್ನುವುದರಿಂದ ವಾರವನ್ನು ಅಳೆಯುವ ಅಭ್ಯಾಸ ನಮ್ಮಲ್ಲಿದೆ. ಈ ಇನ್ನೊಂದು ಲೆಕ್ಕದಲ್ಲಿ ನೋಡಿದರೆ ಅದೇ ವಾರ ಬೇರೆಯೇ ಕಾಣುತ್ತದೆ.

ಮೊಳೆಗೆ ಮುಂಚೆ

ಸೋಮವಾರ ಗೋಡೆಯ ದಿನ. ಹಳೆಯ ಶೋ ಇಳಿಯಬೇಕು, ಹೊಸದು ಏರಬೇಕು. ಇಳಿಸುವುದು ಸುಲಭ ಅಂದುಕೊಂಡವರೇ ಹೆಚ್ಚು. ಪೆಟ್ಟು ಬೀಳುವುದು ಮಾತ್ರ ಇಳಿಸುವಾಗಲೇ, ಯಾಕೆಂದರೆ ಎಲ್ಲರಿಗೂ ಮನೆಗೆ ಹೋಗುವ ಅವಸರ. ಚಿತ್ರವನ್ನು ಫ್ರೇಮಿನ ಮೇಲಂಚು ಹಿಡಿದು ಎತ್ತಬಾರದು. ಹಳೆಯ ಫ್ರೇಮುಗಳಲ್ಲಿ ಮೂಲೆಯ ಅಂಟು ಒಣಗಿ ಎಷ್ಟೋ ವರ್ಷವಾಗಿರುತ್ತದೆ, ಮೇಲಂಚು ಮಾತ್ರ ಕೈಗೆ ಬಂದು ಚಿತ್ರ ಕೆಳಗೆ ಉಳಿಯುತ್ತದೆ. ಎರಡೂ ಬದಿ ಹಿಡಿಯಬೇಕು, ಇಲ್ಲವೇ ಒಂದು ಕೈ ಕೆಳಗೆ, ಒಂದು ಕೈ ಬದಿಗೆ. ಸಿನಿಮಾಗಳಲ್ಲಿ ಕಾಣುವ ಬಿಳಿ ಹತ್ತಿಯ ಕೈಗವಸು ನುಣುಪಾದ ಫ್ರೇಮಿನ ಮೇಲೆ ಜಾರುತ್ತದೆ; ರಬ್ಬರಿನಂಥ ನೈಟ್ರೈಲ್ ಗವಸೇ ಮೇಲು.

ಹೊರಗಿನಿಂದ ಬಂದ ಪೆಟ್ಟಿಗೆಗಳನ್ನು ಬಂದ ಕೂಡಲೇ ಒಡೆಯುವಂತಿಲ್ಲ. ಲಾರಿಯಲ್ಲಿ ರಾತ್ರಿಯೆಲ್ಲ ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಬಂದಿರುತ್ತವೆ. ಮುಚ್ಚಿದಂತೆಯೇ 24 ಗಂಟೆ ಆ ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಬಿಟ್ಟು ಆಮೇಲೆ ಬಿಚ್ಚಬೇಕು. ಬಬಲ್ ರ‍್ಯಾಪಿನ ಗುಳ್ಳೆಯ ಮುಖ ಹೊರಕ್ಕಿದೆಯೇ ಎಂದು ಆಗ ಗೊತ್ತಾಗುತ್ತದೆ. ಬಹಳ ಸಲ ಒಳಕ್ಕೇ ಇರುತ್ತದೆ. ಅಕ್ರಿಲಿಕ್ ಬಣ್ಣ ಬಿಸಿಯಲ್ಲಿ ಸ್ವಲ್ಪ ಮೆತ್ತಗಾಗುತ್ತದೆ, ಗುಳ್ಳೆಯ ಅಚ್ಚು ಬಣ್ಣದ ಮೇಲೆ ಸಾಲಾಗಿ ಮೂಡಿಬಿಡುತ್ತದೆ. ಅದನ್ನು ತೆಗೆಯುವ ಉಪಾಯವಿಲ್ಲ. ನಡುವೆ ನುಣುಪಾದ ಗ್ಲಾಸೀನ್ ಕಾಗದ ಇಟ್ಟಿದ್ದರೆ ತಪ್ಪುತ್ತಿತ್ತು. ಎಣ್ಣೆವರ್ಣದ ಕಥೆ ಬೇರೆ. ಶೋಗಾಗಿ ಎರಡು ವಾರದ ಹಿಂದೆ ಮುಗಿಸಿದ ಕ್ಯಾನ್ವಾಸ್ ಮುಟ್ಟಿದರೆ ಒಣಗಿದಂತೆ ಕಾಣುತ್ತದೆ. ದಪ್ಪಗೆ ಬಳಿದ ಕಡೆ ಒಳಗೆ ಇನ್ನೂ ತಿಂಗಳುಗಟ್ಟಲೆ ಹಸಿಯೇ.

ಬಿಚ್ಚಿದ ಕೂಡಲೇ ಕಂಡಿಷನ್ ರಿಪೋರ್ಟ್, ಅಂದರೆ ಚಿತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬ ದಾಖಲೆ. ಟಾರ್ಚನ್ನು ಚಿತ್ರಕ್ಕೆ ಎದುರಾಗಿ ಹಿಡಿಯದೆ ಗೋಡೆಗೆ ಒರಗಿಸಿದಂತೆ ಬದಿಯಿಂದ ಬಿಟ್ಟರೆ ಕಣ್ಣಿಗೆ ಕಾಣದಿದ್ದ ಉಬ್ಬು, ಬಿರುಕು, ಎದ್ದ ಚಕ್ಕೆಗಳೆಲ್ಲ ನೆರಳು ಚೆಲ್ಲಿ ಎದ್ದು ನಿಲ್ಲುತ್ತವೆ. ಪ್ರತಿಯೊಂದಕ್ಕೂ ಫೋಟೊ, ಎಡ ಅಂಚಿನಿಂದ ಎಷ್ಟು, ಕೆಳ ಅಂಚಿನಿಂದ ಎಷ್ಟು ಎಂಬ ಅಳತೆ. 'ಸ್ವಲ್ಪ ಹಾನಿಯಾಗಿದೆ' ಎಂದು ಬರೆದರೆ ಬರೆಯದ ಹಾಗೇ. 'ಎಡದಿಂದ 12 ಸೆಂ.ಮೀ., ಕೆಳಗಿನಿಂದ 31 ಸೆಂ.ಮೀ., 8 ಮಿ.ಮೀ. ಉದ್ದದ ಬಿರುಕು, ಚಕ್ಕೆ ಎದ್ದಿಲ್ಲ' ಎಂದು ಬರೆದರೆ ಮುಂದಿನ ಭಾನುವಾರ ಅದು 11 ಮಿ.ಮೀ. ಆಗಿದ್ದರೆ ತಿಳಿಯುತ್ತದೆ.

ಇನ್ನು ತೂಗುಹಾಕುವುದು. ಚಿತ್ರದ ನಡುಮಧ್ಯ ನೆಲದಿಂದ 145ರಿಂದ 152 ಸೆಂ.ಮೀ. ಎತ್ತರದಲ್ಲಿರಬೇಕು ಎನ್ನುವುದು ಬಹುತೇಕ ಎಲ್ಲ ಕಡೆಯ ರೂಢಿ. ನಮ್ಮ ಜನರ ಎತ್ತರಕ್ಕೆ, ಶಾಲಾ ಮಕ್ಕಳೂ ಬರುವ ಗ್ಯಾಲರಿಗೆ, ಕೆಳಗಿನ ಅಂಕಿಯ ಹತ್ತಿರವಿದ್ದರೇ ಒಳ್ಳೆಯದು. ಲೆಕ್ಕ ಸರಳ: ನಡುವಿನ ಎತ್ತರಕ್ಕೆ ಚಿತ್ರದ ಅರ್ಧ ಎತ್ತರ ಕೂಡಿಸಿ, ತಂತಿ ಎಳೆದಾಗ ಅದು ಮೇಲಂಚಿನಿಂದ ಎಷ್ಟು ಕೆಳಗೆ ನಿಲ್ಲುತ್ತದೋ ಅಷ್ಟು ಕಳೆಯಿರಿ. ನಡು 148, ಚಿತ್ರ 92 ಸೆಂ.ಮೀ. ಎತ್ತರ, ತಂತಿಯ ಇಳಿತ 7 ಎಂದರೆ 148 ಮತ್ತು 46 ಕೂಡಿ, 7 ಕಳೆದು, ಮೊಳೆ 187ರಲ್ಲಿ. ತಂತಿಯ ಇಳಿತವನ್ನು ಬೆರಳಿನಿಂದ ಮೇಲಕ್ಕೆ ಜಗ್ಗಿ ಅಳೆಯಬೇಕು. ಸಡಿಲವಾಗಿದ್ದಾಗ ಅಳೆದವರ ಚಿತ್ರಗಳು ಸಾಲಿನಲ್ಲಿ ಒಂದು ಮೇಲೆ ಒಂದು ಕೆಳಗೆ ಕುಣಿಯುತ್ತವೆ.

ತಂತಿಯನ್ನು ಬಿಗಿಯಾಗಿ ಕಟ್ಟಿದಷ್ಟೂ ಭದ್ರ ಎಂಬುದು ಅನೇಕರ ನಂಬಿಕೆ. ಲೆಕ್ಕ ಅದಕ್ಕೆ ತದ್ವಿರುದ್ಧ. 12 ಕಿಲೊ ಚಿತ್ರದ ತಂತಿ ಅಡ್ಡಗೆರೆಗೆ 45 ಡಿಗ್ರಿ ಓರೆಯಲ್ಲಿದ್ದರೆ ಪ್ರತಿ ಬದಿಯ ಎಳೆತ ಸುಮಾರು 8.5 ಕಿಲೊ. 30 ಡಿಗ್ರಿಗೆ ಇಳಿದರೆ 12. 15 ಡಿಗ್ರಿಯಷ್ಟು ಬಿಗಿದರೆ 23 ಕಿಲೊ ದಾಟುತ್ತದೆ. ಚಿತ್ರದ ತೂಕ ಅದೇ ಇದ್ದರೂ ಕೊಂಡಿಯ ತಿರುಪು ಕಿತ್ತು ಬರುತ್ತದೆ. ಒಂದರ ಬದಲು ಎರಡು ಮೊಳೆ ಹೊಡೆದರೆ ಭಾರವೂ ಹಂಚಿಹೋಗುತ್ತದೆ, ದಿನಾ ಬೆಳಿಗ್ಗೆ ರಸಮಟ್ಟ ಹಿಡಿದು ಸರಿಪಡಿಸುವ ಕೆಲಸವೂ ತಪ್ಪುತ್ತದೆ. ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ಗೋಡೆ ಅಲುಗುತ್ತದೆ, ಒಂಟಿ ಮೊಳೆಯ ಚಿತ್ರ ವಾರದೊಳಗೆ ಒಂದು ಬದಿಗೆ ವಾಲಿರುತ್ತದೆ.

ಹಳೆಯ ಬಂಗಲೆಗಳಲ್ಲಿ ಮೊಳೆಯದೇ ಬೇರೆ ತಾಪತ್ರಯ. ಗಾರೆಯ ಗೋಡೆಗೆ ಡ್ರಿಲ್ ಹಾಕಿದರೆ ರಂಧ್ರದ ಬದಲು ಗುಳಿ ಬೀಳುತ್ತದೆ, ತಿರುಪನ್ನು ಹಿಡಿದಿಡುವ ರಾಲ್ ಪ್ಲಗ್ ನಿಲ್ಲುವುದಿಲ್ಲ. ಅದಕ್ಕೇ ಅಲ್ಲಿ ಮೇಲೆ ಪಟ್ಟಿ ಹಾಕಿ ಉಕ್ಕಿನ ಎಳೆಯಲ್ಲಿ ಇಳಿಬಿಡುತ್ತಾರೆ. ಕಣ್ಣಿಗೆ ಕಾಣಬಾರದೆಂದು ನೈಲಾನ್ ದಾರ ಬಳಸಿದರೆ ಭಾರಕ್ಕೆ ದಿನದಿನವೂ ಒಂದಿಷ್ಟು ಹಿಗ್ಗುತ್ತದೆ. ಮಂಗಳವಾರ ನೇರವಾಗಿದ್ದ ಸಾಲು ಶನಿವಾರಕ್ಕೆ ಅಲೆಯಾಗಿರುತ್ತದೆ.

ಚಿತ್ರಗಳ ನಡುವಿನ ಅಂತರವನ್ನು ಸಮನಾಗಿ ಹಂಚುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. 9 ಮೀಟರ್ ಗೋಡೆ, ಐದು ಚಿತ್ರಗಳ ಅಗಲ ಕೂಡಿ 375 ಸೆಂ.ಮೀ. ಎಂದರೆ ಉಳಿದ 525ನ್ನು ಆರು ಭಾಗ ಮಾಡಿ ತಲಾ 87.5. ಗಣಿತ ಸರಿ, ಗೋಡೆ ಮಾತ್ರ ಮದುವೆ ಮನೆಯ ಊಟದ ಸಾಲಿನ ಹಾಗೆ ಕಾಣುತ್ತದೆ. ಎರಡೂ ಕೊನೆಗೆ 125 ಬಿಟ್ಟು ಒಳಗಿನ ನಾಲ್ಕು ಅಂತರಗಳನ್ನು 69ರ ಆಸುಪಾಸಿಗೆ ತಂದರೆ ಐದೂ ಚಿತ್ರ ಒಂದು ಗುಂಪಾಗಿ ಕೂತು ಮಾತಾಡಲು ಶುರುಮಾಡುತ್ತವೆ. ಇದನ್ನು ಕಾಗದದ ಮೇಲೆ ನಿರ್ಧರಿಸಲಾಗದು. ಚಿತ್ರಗಳನ್ನು ಗೋಡೆಯ ಕೆಳಗೆ ದಿಂಬಿನ ಮೇಲೆ ಒರಗಿಸಿಟ್ಟು, ದೂರ ಹೋಗಿ ನೋಡಿ, ಮತ್ತೆ ಬದಲಿಸಿ, ಅರ್ಧ ದಿನ ಹೀಗೇ ಕಳೆಯಬೇಕು.

ವಣ೯ಚಿತ್ರ

ಮಂಗಳವಾರ ಬಾಗಿಲು ತೆರೆಯುತ್ತದೆ, ಹೊಸ ಶೋದ ಕೋಣೆಗೆ ಮಾತ್ರ ಇನ್ನೂ ಪರದೆ. ಅಂದು ಅಕ್ಷರದ ಕೆಲಸ. ಮೇಲಿನ ಉಪಶೀರ್ಷಿಕೆಯನ್ನು ಇನ್ನೊಮ್ಮೆ ನೋಡಿ. ಅದು ನನ್ನ ಬೆರಳು ಜಾರಿದ್ದಲ್ಲ, ಕನ್ನಡದ ಗ್ಯಾಲರಿ ಗೋಡೆಗಳ ಮೇಲೆ ಪದೇಪದೇ ಕಾಣುವ ತಪ್ಪು. ಅರ್ಕಾವತ್ತು ಮೂಡದಿದ್ದಾಗ ಯಾರೋ ಕನ್ನಡದ ಒಂಬತ್ತನ್ನು ತಂದು ಕೂರಿಸುತ್ತಾರೆ. ದೂರದಿಂದ ಸರಿಯಾಗೇ ಕಾಣುತ್ತದೆ. ಅದೇ ಪಠ್ಯ ವೆಬ್‌ಸೈಟಿಗೆ ಹೋದಾಗ ಹುಡುಕುವವರಿಗೆ ಸಿಗುವುದಿಲ್ಲ, ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶ 'ವಣ ಒಂಬತ್ತು ಚಿತ್ರ' ಎಂದು ಓದಬಹುದು.

ಇದರ ಮೂಲ ಹಳೆಯ ಆಸ್ಕಿ ಫಾಂಟುಗಳಿಂದ ಈಗಿನ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪಠ್ಯ ಬದಲಿಸುವ ಹಂತದಲ್ಲಿದೆ. ಇನ್ನೊಂದು ಮೂಲ ವಿನ್ಯಾಸದ ತಂತ್ರಾಂಶದಲ್ಲಿ. ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ 'ವರ್ಲ್ಡ್ ರೆಡಿ ಕಂಪೋಸರ್' ಆಯ್ಕೆಯನ್ನು ಒತ್ತದೆ ಇಂಗ್ಲಿಷಿನ ಪುಟದಲ್ಲೇ ಕನ್ನಡ ಸುರಿದರೆ ಒತ್ತಕ್ಷರಗಳು ಒಡೆದು, 'ಚಿತ್ರ' ಎಂಬುದು 'ಚಿತ್‌ರ' ಆಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ವಿನ್ಯಾಸಕಾರನಿಗೆ ಕನ್ನಡ ಬಾರದಿದ್ದರೆ ಅವನಿಗೆ ಎರಡೂ ಒಂದೇ. ಆದ್ದರಿಂದ ಕರಡು ತಿದ್ದುವುದು ಕಳಿಸಿದ ಪಠ್ಯದಲ್ಲಲ್ಲ, ಮುದ್ರಣಕ್ಕೆ ಹೋಗುವ ಪಿಡಿಎಫ್‌ನಲ್ಲಿ. ಅದೂ ಕಾಗದಕ್ಕೆ ಇಳಿಸಿ. ಗೋಡೆಗೆ ಅಂಟಿಸುವ ವಿನೈಲ್ ಅಕ್ಷರವಾದರೆ ಇನ್ನೂ ಒಂದು ಕಷ್ಟ: ಕತ್ತರಿಸಿ ಬೇಡದ್ದನ್ನು ಕೀಳುವಾಗ ಸಣ್ಣ ಒತ್ತುಗಳು ಬೇಡದ್ದರ ಜೊತೆಗೇ ಎದ್ದು ಹೋಗುತ್ತವೆ. 'ಕಲ್ಪನೆ' 'ಕಲನೆ' ಆಗಿ ಉಳಿಯುತ್ತದೆ. ಸಾಲಿನ ನಡುವಿನ ಜಾಗವನ್ನು ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟು ಬೇಕೇ ಬೇಕು.

ಗೋಡೆಬರಹ 150 ಪದ ಮೀರಬಾರದು ಎಂಬ ನಿಯಮ ಇಂಗ್ಲಿಷಿನಿಂದ ಬಂದದ್ದು. ಕನ್ನಡಕ್ಕೆ ಪದ ಎಣಿಸುವುದೇ ತಪ್ಪು ಅಳತೆ. 'ಚಿತ್ರಿಸಿಕೊಳ್ಳುತ್ತಿದ್ದವರೊಂದಿಗೆ' ಎಂಬುದು ಒಂದೇ ಪದ, ಮೋಸ ಹೋಗಬೇಡಿ. ಸಾಲುಗಳನ್ನು ಎಣಿಸಿ: ನಿಂತು ಓದುವವನು ಹನ್ನೆರಡು ಸಾಲಿಗಿಂತ ಹೆಚ್ಚು ಓದುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನ ಒಂದು ಕಲಾಕೃತಿಯ ಮುಂದೆ ನಿಂತದ್ದು ಸರಾಸರಿ 27.2 ಸೆಕೆಂಡು, ಅರ್ಧದಷ್ಟು ಜನ 17 ಸೆಕೆಂಡೂ ನಿಲ್ಲಲಿಲ್ಲ. ಆ 17 ಸೆಕೆಂಡಿನಲ್ಲಿ ಓದುವುದಕ್ಕೆ ಎಷ್ಟು, ನೋಡುವುದಕ್ಕೆ ಎಷ್ಟು?

ಅನುವಾದದ ವಿಷಯಕ್ಕೆ ಬಂದರೆ ನಗಬೇಕೋ ಅಳಬೇಕೋ ತಿಳಿಯದು. ಯಂತ್ರಕ್ಕೆ ಬಿಟ್ಟರೆ ಹಣ್ಣು, ಹೂಜಿಗಳಂಥ ಅಚಲ ವಸ್ತುಗಳ ಚಿತ್ರವಾದ ಸ್ಟಿಲ್ ಲೈಫ್ 'ಇನ್ನೂ ಜೀವನ' ಆಗುತ್ತದೆ, ವಾಶ್ ತಂತ್ರ 'ತೊಳೆಯುವ ತಂತ್ರ' ಆಗುತ್ತದೆ. (ಎರಡನೆಯದು ಅಷ್ಟೇನೂ ತಪ್ಪಲ್ಲ ಎನ್ನುವುದೇ ತಮಾಷೆ. ಬಂಗಾಳ ಪಂಥದವರು ಬಣ್ಣ ಹಚ್ಚಿದ ಕಾಗದವನ್ನು ನಿಜವಾಗಿಯೂ ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಚ್ಚುತ್ತಿದ್ದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತ ಕಸ್ತೂರಬಾ ರಸ್ತೆಯ ಚಿತ್ರಶಾಲೆಗೆ ಹೆಸರಾದ ನಮ್ಮ ಕೆ. ವೆಂಕಟಪ್ಪನವರು ಆ ಮನೆಯಿಂದಲೇ ಬಂದವರು.) ಮಾಧ್ಯಮದ ಹೆಸರುಗಳನ್ನು ಬಲವಂತವಾಗಿ ಕನ್ನಡಿಸುವುದಕ್ಕಿಂತ 'ಟೆಂಪೆರಾ' (ಮೊಟ್ಟೆಯ ಹಳದಿಯಂಥ ಅಂಟಿನಲ್ಲಿ ಕಲಸಿದ ಬಣ್ಣ), 'ಗೆಸ್ಸೊ' (ಬಿಳಿ ಪುಡಿ, ಅಂಟು ಕಲಸಿದ ಲೇಪ) ಎಂದೇ ಬಿಟ್ಟು, ಹೇಗೆ ಮಾಡುತ್ತಾರೆಂದು ಒಂದು ಸಾಲಿನಲ್ಲಿ ಹೇಳಿದರೆ ಓದುಗನಿಗೆ ಏನಾದರೂ ದಕ್ಕುತ್ತದೆ.

ಕತ್ತಲ ಕೋಣೆಯ ದೀಪ

ಬುಧವಾರ ಬೆಳಕಿನ ದಿನ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿದವರಿಗೆಲ್ಲ ಒಂದು ಕೋಣೆ ನೆನಪಿರುತ್ತದೆ. ಕತ್ತಲು ಮಾಡಿದ ಕೋಣೆ, ಅದರೊಳಗೆ ಸೀರೆಯುಟ್ಟ ಹೆಣ್ಣುಮಗಳೊಬ್ಬಳು ದೀಪ ಹಿಡಿದು ನಿಂತ ಚಿತ್ರ. ಒಂದು ಕೈಯನ್ನು ದೀಪಕ್ಕೆ ಮರೆಮಾಡಿದ್ದಾಳೆ, ಬೆರಳ ಸಂದಿಯಲ್ಲಿ ಕುಡಿಯ ಕೆಂಪು ಹಾಯುತ್ತದೆ, ಕೆಳಗಿನಿಂದ ಬಂದ ಬೆಳಕು ಮುಖಕ್ಕೆ ತಾಗಿದೆ. ರವಿವರ್ಮನ ಚಿತ್ರಗಳಿರುವ ಅರಮನೆಯಾದ್ದರಿಂದ ಇದೂ ಅವನದೇ ಎಂದು ಅನೇಕರು ಅಂದುಕೊಳ್ಳುತ್ತಾರೆ, ಬರೆದವರು ಎಸ್.ಎಲ್. ಹಲ್ದಂಕರ್. ಚಿತ್ರದ ಹಿಂದೆ ಬಲ್ಬು ಇಟ್ಟಿದ್ದಾರೆಯೇ ಎಂದು ಮಕ್ಕಳು ಮಾತ್ರವಲ್ಲ ದೊಡ್ಡವರೂ ಬಗ್ಗಿ ನೋಡುತ್ತಾರೆ. ಕೋಣೆ ಕತ್ತಲಾಗಿರುವುದು ನಾಟಕಕ್ಕಾಗಿ ಎಂಬುದು ಎಲ್ಲರ ಎಣಿಕೆ. ಎಷ್ಟೋ ಜನ ಗಮನಿಸದೆ ಹೋಗುವ ಸಂಗತಿ ಎಂದರೆ ಅದು ಜಲವರ್ಣ. ನಾಟಕಕ್ಕೆಂದು ಮಾಡಿದ ಕತ್ತಲೆ ಆ ಬಣ್ಣಗಳ ಆಯುಷ್ಯವನ್ನೂ ಕಾಯುತ್ತಿದೆ.

ಜಲವರ್ಣ, ಕಾಗದ, ಬಟ್ಟೆ, ಹಳೆಯ ಫೋಟೊ, ಬಣ್ಣ ಹಾಕಿದ ತೊಗಲು, ಇವುಗಳಿಗೆ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಮಿತಿ. ಎಣ್ಣೆವರ್ಣ, ಅಕ್ರಿಲಿಕ್, ಮರಕ್ಕೆ 200ರವರೆಗೆ ಬಿಡಬಹುದು. ಕಲ್ಲು, ಕಂಚಿಗೆ ಬೆಳಕಿನ ಭಯವಿಲ್ಲ. ಮುಖ್ಯವಾದದ್ದು ಒಟ್ಟು ಮೊತ್ತ: 500 ಲಕ್ಸಿನಲ್ಲಿ ಒಂದು ಗಂಟೆಯೂ ಒಂದೇ, 50 ಲಕ್ಸಿನಲ್ಲಿ ಹತ್ತು ಗಂಟೆಯೂ ಒಂದೇ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, 50 ಲಕ್ಸ್ ಎಂದರೆ 1,20,000 ಲಕ್ಸ್-ಗಂಟೆ. ಈಗ ಇದನ್ನು ಜನವರಿಯ ಭಾನುವಾರವೊಂದರಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆ ತುಂಬುವ ಚಿತ್ರಸಂತೆಯ ಪಕ್ಕ ಇಡಿ. ಮರದ ನೆರಳು ಸರಿದು ಬಿಸಿಲು ಬಿದ್ದ ಮಳಿಗೆಯಲ್ಲಿ 50,000 ಲಕ್ಸ್ ಇದೆಯೆಂದುಕೊಳ್ಳಿ. ಎಂಟು ಗಂಟೆಗೆ ನಾಲ್ಕು ಲಕ್ಷ. ಅಂದರೆ ಗ್ಯಾಲರಿಯೊಳಗಿನ ಮೂರು ವರ್ಷಕ್ಕೂ ಹೆಚ್ಚಿನ ಬೆಳಕನ್ನು ಜಲವರ್ಣವೊಂದು ಒಂದೇ ಹಗಲಿನಲ್ಲಿ ಕುಡಿದಿರುತ್ತದೆ. ಸಂತೆಯನ್ನು ದೂರುತ್ತಿಲ್ಲ, ಅಲ್ಲಿನ ಚಿತ್ರ ಮಾರಾಟವಾಗಿ ಯಾರದೋ ಹಾಲ್ ಸೇರಲೆಂದೇ ಬಂದದ್ದು, ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದ ಆ ಸಂತೆ ಮನೆಮನೆಗೆ ಚಿತ್ರ ತಲುಪಿಸಿದೆ. ಮಳಿಗೆ ಹಾಕುವವರು ಜಲವರ್ಣವನ್ನು ನೆರಳಿನ ಬದಿಗೆ, ಎಣ್ಣೆವರ್ಣವನ್ನು ಬಿಸಿಲ ಬದಿಗೆ ಇಟ್ಟರೆ ಸಾಕು ಎನ್ನುವುದಷ್ಟೇ ನನ್ನ ತಕರಾರು.

ದೀಪವನ್ನು ಎಲ್ಲಿ ಕಟ್ಟಬೇಕು ಎಂಬುದಕ್ಕೆ ಸಾಮಾನ್ಯ ಉತ್ತರ: ಚಾವಣಿಯಿಂದ ನೇರ ಕೆಳಗಿಳಿವ ಗೆರೆಗೆ 30 ಡಿಗ್ರಿ ಓರೆಯಲ್ಲಿ. ಅದಕ್ಕಿಂತ ಕಡಿದಾದರೆ ಫ್ರೇಮಿನ ನೆರಳು ಚಿತ್ರದ ಮೇಲಿನ ಅಂಚನ್ನು ನುಂಗುತ್ತದೆ. ಓರೆ ಹೆಚ್ಚಾದರೆ ನೋಡುವವನ ತಲೆಯ ನೆರಳೇ ಚಿತ್ರದ ಮೇಲೆ, ಗಾಜಿನಲ್ಲಿ ದೀಪದ ಪ್ರತಿಬಿಂಬ ಬೇರೆ. ಈ ಉತ್ತರ ಸೋಲುವುದು ಮೈಸೂರು ಶೈಲಿಯ ಚಿತ್ರದ ಮುಂದೆ. ಅಲ್ಲಿ ಗೆಸ್ಸೊ ಉಬ್ಬು ಕೂದಲೆಳೆಯಷ್ಟು ತೆಳು, ಅದರ ಮೇಲೆ ಚಿನ್ನದ ರೇಕು. ಎದುರಿನಿಂದ ಬೆಳಕು ಬಿಟ್ಟರೆ ಚಿನ್ನ ಸತ್ತು ಕಂದು ಬಣ್ಣದ ಕಲೆಯಾಗುತ್ತದೆ, ಉಬ್ಬು ಕಾಣುವುದೇ ಇಲ್ಲ. ಈ ಚಿತ್ರಗಳನ್ನು ಮಾಡಿದವರ ಕಾಲದಲ್ಲಿ ಬೆಳಕು ಎಂದರೆ ಎಣ್ಣೆದೀಪ. ಅದು ಕೆಳಗಿನಿಂದ, ಬದಿಯಿಂದ, ಅಲುಗುತ್ತ ಬರುತ್ತಿತ್ತು, ದೇವರ ಕಿರೀಟ ಕಣ್ಣು ಮಿಟುಕಿಸುತ್ತಿತ್ತು. ಇಂದು ಅದನ್ನು ತರಬೇಕೆಂದರೆ ಬದಿಯಿಂದ ತಗ್ಗಿನಲ್ಲಿ ಒಂದು ಸಣ್ಣ ದೀಪ ಸಾಕು, 50 ಲಕ್ಸನ್ನು ಮೀರುವ ಅಗತ್ಯವೂ ಬೀಳದು. ನೋಡುವವನು ಎಡದಿಂದ ಬಲಕ್ಕೆ ನಾಲ್ಕು ಹೆಜ್ಜೆ ಹಾಕಿದಾಗ ಚಿನ್ನ ಹೊತ್ತಿಕೊಳ್ಳುತ್ತದೆ. 90ಕ್ಕಿಂತ ಹೆಚ್ಚಿನ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ) ಇರುವ, 3000 ಕೆಲ್ವಿನ್ ಹಳದಿಯ ಎಲ್‌ಇಡಿ ಹಾಕಿ. ಕಚೇರಿಯ ಬಿಳಿ ಟ್ಯೂಬು ಹಾಕಿದರೆ ಚಿನ್ನ ಹಿತ್ತಾಳೆಯಾಗುತ್ತದೆ.

ತೊಗಲು ಗೊಂಬೆಯ ಸಮಸ್ಯೆ ಇದಕ್ಕಿಂತ ಕಗ್ಗಂಟು. ಅದು ಹಿಂದಿನಿಂದ ಬೆಳಕು ಹಾಯದೆ ಗೊಂಬೆಯೇ ಅಲ್ಲ, ಕಂದು ಚರ್ಮದ ತುಂಡು. ಹಾಯಿಸಿದರೋ ಬಣ್ಣ ಮಾಸುತ್ತದೆ, ದೀಪ ಹತ್ತಿರವಿದ್ದರೆ ತೊಗಲು ಒಣಗಿ ಸುರುಟುತ್ತದೆ. ನಾಲ್ಕೂ ಮೂಲೆಗೆ ಪಿನ್ನು ಹೊಡೆದು ಬಿಗಿದಿದ್ದರೆ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ, ಕೊನೆಗೆ ಕೆತ್ತನೆಯ ರಂಧ್ರದಿಂದಲೇ ಹರಿಯುತ್ತದೆ. ದಾರಿ ಇದು: ಕೋಣೆಯನ್ನು ಕತ್ತಲು ಮಾಡಿ, ಹಿಂದಿನ ಬೆಳಕನ್ನು ತೀರ ಮಂದವಾಗಿಡಿ, ಒತ್ತಿದರೆ ಅರ್ಧ ನಿಮಿಷ ಹೊತ್ತಿ ಆರುವ ಗುಂಡಿ ಇಡಿ, ಗೊಂಬೆಯನ್ನು ಮೇಲಿನಿಂದ ಮಾತ್ರ ಸಡಿಲವಾಗಿ ತೂಗುಬಿಡಿ. ಕಣ್ಣು ಕತ್ತಲಿಗೆ ಹೊಂದಲು ಐದಾರು ನಿಮಿಷ ಬೇಕು. ಮಧ್ಯಾಹ್ನದ ಲಕ್ಷ ಲಕ್ಸಿನ ಬಿಸಿಲಿನಿಂದ ನೇರ ಒಳಬಂದವರಿಗೆ ಏನೂ ಕಾಣುವುದಿಲ್ಲ. ನಡುವೆ ಅರೆಬೆಳಕಿನ ಒಂದು ಓಣಿ ಇಲ್ಲದಿದ್ದರೆ ಅಭಿಪ್ರಾಯದ ಪುಸ್ತಕದಲ್ಲಿ 'ಲೈಟೇ ಹಾಕಿಲ್ಲ' ಎಂಬ ಸಾಲು ಖಂಡಿತ. ಅದನ್ನು ಓದಿ ಹೆದರಿ ಮಾರನೆಯ ದಿನ ಎಲ್ಲ ದೀಪ ಹೊತ್ತಿಸುವ ಅಧಿಕಾರಿಗಳೂ ಇರುತ್ತಾರೆ. ಅದರ ಬದಲು ಗೋಡೆಯ ಮೇಲೆ 'ಇಲ್ಲಿ ಬೆಳಕು ಯಾಕೆ ಕಡಿಮೆ' ಎಂದು ನಾಲ್ಕು ಸಾಲು ಬರೆದಿಟ್ಟರೆ ದೂರುವವರೇ ಮಕ್ಕಳಿಗೆ ವಿವರಿಸಿ ಹೇಳತೊಡಗುತ್ತಾರೆ.

ಹದಿನೈದು ಲೀಟರ್ ಉಸಿರು

ಗುರುವಾರ ಶಾಂತ. ಚಿತ್ರ ನೋಡಬೇಕೆನ್ನುವವರು ಗುರುವಾರ ಮಧ್ಯಾಹ್ನ ಬರಬೇಕು, ಅಷ್ಟೇ ಹೇಳುತ್ತೇನೆ.

ಶುಕ್ರವಾರ ಸಂಜೆ ಉದ್ಘಾಟನೆ. ನಮ್ಮಲ್ಲಿ ದೀಪ ಬೆಳಗದೆ ಯಾವುದೂ ಶುರುವಾಗುವುದಿಲ್ಲ. ಆ ದೀಪ ಚಿತ್ರದ ಕೋಣೆಯೊಳಗಿದ್ದರೆ ಎಣ್ಣೆಯ ಮಸಿ, ಹೊಗೆ ಪತ್ತೆಮಾಡುವ ಯಂತ್ರದ ಕೂಗು, ಹತ್ತಿ ಸೀರೆಯ ಸೆರಗು, ಎಲ್ಲವೂ ಒಟ್ಟಿಗೆ. ಅಂಗಳದಲ್ಲಿ ಬೆಳಗಿ ಒಳಗೆ ಬನ್ನಿ. ಬಾಳೆಕಂದು, ಮಾವಿನ ತೋರಣ, ಚೆಂಡು ಹೂವು ಹೊರಬಾಗಿಲಿಗೇ ನಿಲ್ಲಬೇಕು. ಅವುಗಳ ಜೊತೆ ಹುಳ ಬರುತ್ತದೆ, ಹುಳಕ್ಕೆ ಕಾಗದ, ಗೋಂದು, ಮರ ಎಂದರೆ ಹಬ್ಬದೂಟ. ರಂಗೋಲಿಯ ಪುಡಿಯೂ ಹಾಗೇ, ಚಪ್ಪಲಿಗೆ ಹತ್ತಿ ಒಳಗಿನ ಗಾಳಿ ಸೇರುತ್ತದೆ. ಸಮೋಸ ತಿಂದ ಕೈಯ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಶನಿವಾರ ಬೆಳಿಗ್ಗೆ ಫ್ರೇಮಿನ ಕೆಳ ಅಂಚನ್ನು ನೋಡಿದರೆ ತಿಳಿಯುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ್ದು ಜನರ ಉಸಿರು. ಸುಮ್ಮನೆ ನಿಂತ ಒಬ್ಬ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಉಸಿರು, ಬೆವರಿನಲ್ಲಿ ಗಾಳಿಗೆ ಬಿಡುತ್ತಾನೆ. 150 ಜನ ಎರಡು ಗಂಟೆ ನಿಂತರೆ 15 ಲೀಟರ್, ಒಂದು ದೊಡ್ಡ ಕೊಡ ನೀರನ್ನು ಕೋಣೆಯೊಳಗೆ ಆವಿ ಮಾಡಿದಂತೆ. ತಲೆಗೆ 100 ವಾಟಿನಂತೆ ಅವರ ಮೈಬಿಸಿಯೇ 15 ಕಿಲೊವಾಟ್, ನೀರು ಕಾಯಿಸುವ ಹತ್ತು ಕಾಯಿಲ್ ಹಾಕಿಟ್ಟ ಹಾಗೆ. ಮಳೆ ಬಂದು ಒದ್ದೆ ಕೊಡೆಗಳೂ ಒಳಬಂದರೆ ಕೇಳುವುದೇ ಬೇಡ. ಗಾಳಿಯ ತೇವ 40ರಿಂದ 60 ಪ್ರತಿಶತದ ನಡುವೆ ಇರಬೇಕು, ಒಂದು ದಿನದಲ್ಲಿ 10ಕ್ಕಿಂತ ಹೆಚ್ಚು ಏರಿಳಿಯಬಾರದು ಎಂಬುದು ಇಂದು ಅನೇಕ ದೊಡ್ಡ ಸಂಗ್ರಹಾಲಯಗಳು ಒಪ್ಪಿದ ಮಿತಿ. ಬೆಂಗಳೂರಿನ ಗಾಳಿ ಮಾರ್ಚ್ ಮಧ್ಯಾಹ್ನ 30ರ ಆಸುಪಾಸಿಗೆ ಇಳಿದು, ಆಗಸ್ಟ್ ಬೆಳಿಗ್ಗೆ 85 ದಾಟುತ್ತದೆ. 65 ಮೀರಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಶುರು.

ಇದಕ್ಕೆ ಎಸಿ ಇದೆಯಲ್ಲ ಎನ್ನಬಹುದು. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಆರಕ್ಕೆ ಆರಿಸುವ ಎಸಿ ಜನರಿಗೆ ಹಾಕಿದ್ದೇ ಹೊರತು ಚಿತ್ರಕ್ಕಲ್ಲ. ಹಗಲು ಒಣಗಿಸಿ ರಾತ್ರಿ ತೇವ ಬಿಟ್ಟರೆ ಕ್ಯಾನ್ವಾಸ್ ದಿನಕ್ಕೊಮ್ಮೆ ಬಿಗಿದು ದಿನಕ್ಕೊಮ್ಮೆ ಸಡಿಲುತ್ತದೆ, ಅದರ ಮೇಲಿನ ಬಣ್ಣಕ್ಕೆ ಅಷ್ಟು ಕುಣಿಯಲು ಬರುವುದಿಲ್ಲ, ಬಿರುಕು ಬಿಡುತ್ತದೆ. ಆರಿಸುತ್ತ ಹಾಕುತ್ತ ಇರುವುದಕ್ಕಿಂತ ದಪ್ಪ ಗೋಡೆಯ ಹಳೆಯ ಬಂಗಲೆಯಲ್ಲಿ ಎಸಿಯೇ ಇಲ್ಲದಿರುವುದು ಎಷ್ಟೋ ಸಲ ವಾಸಿ. ಉದ್ಘಾಟನೆಗೆ ಮಾಡಬಹುದಾದ್ದು: ಭಾಷಣವನ್ನು ಅಂಗಳದಲ್ಲೋ ಸಭಾಂಗಣದಲ್ಲೋ ಮುಗಿಸಿ, ಕೋಣೆಗೆ ಒಂದು ಸಲಕ್ಕೆ ಮೂವತ್ತು ಜನರನ್ನು ಬಿಡುವುದು. 'ಗಣ್ಯರನ್ನು ಕಾಯಿಸುವುದು ಹೇಗೆ' ಎಂಬ ಪ್ರಶ್ನೆ ತಪ್ಪದೆ ಏಳುತ್ತದೆ.

ಆಮೇಲೆ ಟಿವಿಯವರ ದೀಪ. ಅರ್ಧ ಗಂಟೆ 1000 ಲಕ್ಸ್ ಎಂದರೆ 500 ಲಕ್ಸ್-ಗಂಟೆ. ಜಲವರ್ಣವೊಂದರ ಇಡೀ ದಿನದ ಪಾಲು 400. ಅಂದರೆ ಸುದ್ದಿಯ ಆ ಮೂವತ್ತು ಸೆಕೆಂಡಿಗಾಗಿ ನೂರಾರು ಜನ ನೋಡಬಹುದಾಗಿದ್ದ ಒಂದು ದಿನಕ್ಕಿಂತ ಹೆಚ್ಚು ಹೋಯಿತು. ಮೊದಲೇ ತೆಗೆದ ಒಳ್ಳೆಯ ಫೋಟೊಗಳನ್ನು ಅವರಿಗೆ ಕೊಟ್ಟು, ಮಾತಾಡುವವರನ್ನು ಕಲ್ಲಿನ ಶಿಲ್ಪದ ಮುಂದೆ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ.

ಶನಿವಾರ, ಭಾನುವಾರ

ಕ್ಯುರೇಟರ್ ಜೊತೆ ನಡಿಗೆಗೆ ಇಪ್ಪತ್ತು ಜನ ಮಿತಿ. ಇಪ್ಪತ್ತೈದಾದರೆ ಹಿಂದಿನ ಸಾಲು ಬೇರೆ ಚಿತ್ರದ ಮೇಲೆ ಬೆನ್ನು ಒರಗಿಸುತ್ತದೆ. ಐವತ್ತು ನಿಮಿಷಕ್ಕೆ ಎಂಟು ಚಿತ್ರ ಸಾಕು. ಎಲ್ಲವನ್ನೂ ಹೇಳಹೊರಟ ಕ್ಯುರೇಟರ್ ಹದಿನೈದನೆಯ ಚಿತ್ರಕ್ಕೆ ಬರುವಾಗ ಹಿಂದೆ ಆರು ಜನ ಉಳಿದಿರುತ್ತಾರೆ, ಅವರಲ್ಲಿ ಇಬ್ಬರು ಸಿಬ್ಬಂದಿ. ಬೆನ್ನಿನ ಚೀಲಗಳನ್ನು ಹೊರಗಿಡಿಸಬೇಕು. ಕೈಯಿಂದ ಮುಟ್ಟುವವರಿಗಿಂತ ತಿರುಗುವಾಗ ಚೀಲದಿಂದ ತಾಗಿಸುವವರು ಹೆಚ್ಚು. ಇದನ್ನು ಯಾವ ಕ್ಯುರೇಟರ್‌ಗಿಂತ ಚೆನ್ನಾಗಿ ಬಲ್ಲವರು ಮೂಲೆಯ ಸ್ಟೂಲಿನ ಮೇಲೆ ಕೂತ ಕಾವಲಿನವರು. ಯಾವ ಚಿತ್ರದ ಮುಂದೆ ಜನ ಬೆರಳು ಚಾಚುತ್ತಾರೆ, ಯಾವುದರ ಮುಂದೆ ಸೆಲ್ಫಿಗಾಗಿ ಹಿಂದೆ ಹಿಂದೆ ಸರಿಯುತ್ತಾರೆ ಎಂದು ಅವರನ್ನು ಕೇಳಿ ನೆಲದ ಮೇಲಿನ ಗೆರೆಯನ್ನು ಎಳೆಯಬೇಕು.

ಗ್ಯಾಲರಿಯಲ್ಲಿ ಸಂಗೀತ ಕಚೇರಿ ಇಡುವ ಆಸೆ ಇತ್ತೀಚೆಗೆ ಎಲ್ಲರಿಗೂ. ವೆಂಕಟಪ್ಪನವರು ವೀಣೆ ಶೇಷಣ್ಣನವರ ಶಿಷ್ಯರೂ ಆಗಿದ್ದರಿಂದ ಅವರ ಚಿತ್ರಗಳ ನಡುವೆ ವೀಣೆ ಕೇಳಬೇಕೆನಿಸುವುದು ಸಹಜವೇ. ನುಣುಪು ಗೋಡೆ, ಕಲ್ಲು ನೆಲದ ಕೋಣೆಯಲ್ಲಿ ವೀಣೆಯ ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಗಮಕವೆಲ್ಲ ಕಲಸುತ್ತದೆ. ಮೈಕ್ ಹಾಕಿದರೆ ಗೋಡೆಗೆ ತಗುಲಿದ ಗಾಜು ನಡುಗುತ್ತದೆ. ಇಡಲೇಬೇಕೆಂದರೆ ಮೈಕಿಲ್ಲದೆ, ನೆಲಕ್ಕೆ ಜಮಖಾನ ಹಾಸಿ, ಕೊನೆಯ ಸಾಲು ಗೋಡೆಯಿಂದ ಒಂದು ಮೀಟರ್ ಈಚೆಗೆ ಇರುವಂತೆ, ನಲವತ್ತು ಜನಕ್ಕೆ.

ಮಕ್ಕಳ ಕಮ್ಮಟಕ್ಕೆ ಚಿತ್ರಗಳ ಹತ್ತಿರ ಪೆನ್ಸಿಲ್ ಮತ್ತು ಕಾಗದ ಮಾತ್ರ. ಪೋಸ್ಟರ್ ಬಣ್ಣ, ಜೇಡಿಮಣ್ಣು, ಅಂಟು ಎಲ್ಲ ಹೊರಗಿನ ಮೊಗಸಾಲೆಗೆ. ಮಿನುಗುಪುಡಿ ಎಲ್ಲಿಗೂ ಬೇಡ. ಒಮ್ಮೆ ಒಳಬಂದರೆ ಮುಂದಿನ ಮೂರು ಶೋಗಳಲ್ಲೂ ಅದರ ಕಣ ಸಿಗುತ್ತದೆ. ಪೆನ್ಸಿಲ್ ಎಂದರೆ ಮಕ್ಕಳಿಗೆ ಬೇಸರ ಎಂದುಕೊಳ್ಳಬಾರದು. ಒಂದು ಚಿತ್ರದಲ್ಲಿ ಬೆಳಕು ಎಲ್ಲಿಂದ ಬರುತ್ತಿದೆ, ಬಾಣ ಹಾಕಿ ತೋರಿಸು ಎಂದರೆ ಎಂಟು ವರ್ಷದ ಮಗು ಇಪ್ಪತ್ತು ನಿಮಿಷ ಕದಲದೆ ಕೂರುತ್ತದೆ. ಮೆಟ್ರೊಪಾಲಿಟನ್‌ನ 17 ಸೆಕೆಂಡಿನ ಎಪ್ಪತ್ತು ಪಟ್ಟು.

ಭಾನುವಾರ ಸಂಜೆ ಬಾಗಿಲು ಹಾಕಿದ ಮೇಲೆ ಒಂದು ಸುತ್ತು ಇದೆ. ದೊಡ್ಡ ದೀಪ ಆರಿಸಿ, ಟಾರ್ಚು ಮತ್ತು ಸೋಮವಾರದ ಕಂಡಿಷನ್ ರಿಪೋರ್ಟ್ ಹಿಡಿದು ಇಬ್ಬರು ನಡೆಯುತ್ತಾರೆ. ಗಾಜಿನ ಪೆಟ್ಟಿಗೆಗಳ ಮೇಲೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಪುಟ್ಟ ಬೆರಳ ಗುರುತು, ಕೆಲವು ಕಡೆ ಮೂಗಿನದೂ. ಅವನ್ನು ಒರೆಸಬೇಕು, ದ್ರಾವಣವನ್ನು ಗಾಜಿಗೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಂಡು. ಸಿಂಪಡಿಸಿದ್ದು ಅಂಚಿನಲ್ಲಿ ಇಳಿದು ಒಳಗಿನ ಕಾಗದ ಸೇರುತ್ತದೆ. ಗುರುತು ಹೆಚ್ಚಿರುವ ಗಾಜು ಯಾವುದು ಎಂದು ಒರೆಸುವ ಮುಂಚೆ ಬರೆದುಕೊಂಡರೆ ವಾರದ ಅತಿ ನಂಬಲರ್ಹ ವರದಿ ಅದೇ. ತೇವ ಅಳೆಯುವ ಯಂತ್ರದ ಅಂಕಿಗಳನ್ನು ಇಳಿಸಿಕೊಳ್ಳುತ್ತಾರೆ, ಶುಕ್ರವಾರ ಏಳೂವರೆಗೆ ಒಂದು ಗುಡ್ಡ ಎದ್ದಿರುತ್ತದೆ. ಜಲವರ್ಣಗಳ ಪುಸ್ತಕದಲ್ಲಿ ಆ ವಾರದ ಬೆಳಕಿನ ಲೆಕ್ಕ ಸೇರುತ್ತದೆ: ಆರು ದಿನ, ಎಂಟು ಗಂಟೆ, 50 ಲಕ್ಸ್, 2400, ಟಿವಿಯವರದು 500, ಕೂಡಿ 2900. ಇಂಥ ವಾರಗಳು ಹನ್ನೆರಡೋ ಹದಿನಾರೋ ಆದಮೇಲೆ ಆ ಚಿತ್ರ ಕತ್ತಲ ಪೆಟ್ಟಿಗೆ ಸೇರಿ ಕೆಲವು ವರ್ಷ ಮಲಗುತ್ತದೆ. ಲೆಕ್ಕ ಬರೆದು, ಜಲವರ್ಣಗಳ ಮೇಲೆ ಒಂದೊಂದಾಗಿ ಕಪ್ಪು ಬಟ್ಟೆ ಇಳಿಬಿಟ್ಟು, ಗೇಟಿಗೆ ನಾಳೆಯ ಬೋರ್ಡು ತೂಗುಹಾಕಿ ಹೊರಡುತ್ತಾರೆ.